ಬೆಟ್ಟ ಆಮೇಲೆ, ಮೊದಲು ತಿಂಗಳು ನೋಡಿ

ಪ್ರಶ್ನೆ: ನಮ್ಮದು ತಿಪಟೂರು, ಕೊಬ್ಬರಿ ವ್ಯಾಪಾರ. ನನಗೆ 49 ವರ್ಷ, ಬಿಪಿಗೆ ದಿನಕ್ಕೊಂದು ಮಾತ್ರೆ ನಡೀತಿದೆ. ಮನೆಯವರು ಪ್ರೌಢಶಾಲೆ ಶಿಕ್ಷಕಿ, 45 ವರ್ಷ. ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಎಡ ಮೊಣಕಾಲು ಹಿಡಿಯುತ್ತೆ. ಮಗಳು ಪಿಯುಸಿ ಮುಗಿಸಿ ಸಿಇಟಿ ಬರೆಯುತ್ತಿದ್ದಾಳೆ. ದೇವರಾಯನದುರ್ಗ, ಸಿದ್ದರಬೆಟ್ಟ, ಮಧುಗಿರಿ ಎಲ್ಲ ಹತ್ತಿದ್ದೇವೆ. ಈ ಬೇಸಿಗೆ ರಜೆಯಲ್ಲಿ ಹಿಮದ ಬೆಟ್ಟ, ಹುಲ್ಲುಗಾವಲು ಇರುವ ಕಡೆ ಹತ್ತು ಹನ್ನೆರಡು ದಿನ ನಡೆದಾಡಿಕೊಂಡು ಬರುವ ಆಸೆ. ಮಗಳು ಆಲ್ಪ್ಸ್ ಅಂತಾಳೆ, ನನಗೆ ಕಾಶ್ಮೀರದ ಸರೋವರಗಳ ಚಾರಣದ ಹುಚ್ಚು, ಮನೆಯವರು ಉತ್ತರಾಖಂಡವೇ ಸಾಕು ಅಂತಾರೆ. ಖರ್ಚು ಸ್ವಲ್ಪ ಹೆಚ್ಚಾದರೂ ಯೋಚನೆ ಇಲ್ಲ. ಯಾವ ಪರ್ವತ ಆರಿಸೋಣ?

ಉತ್ತರ: ಮೂರು ಜನ ಮೂರು ಬೆಟ್ಟ ಹಿಡಿದು ಜಗ್ಗುತ್ತಿದ್ದೀರಿ. ಆದರೆ ನಿಮ್ಮ ಮನೆಯಲ್ಲಿ ಬೆಟ್ಟ ಆರಿಸುವವರು ನೀವು ಮೂವರೂ ಅಲ್ಲ, ಶಿಕ್ಷಣ ಇಲಾಖೆಯ ರಜಾಪಟ್ಟಿ. ಶಾಲೆಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಅದರಲ್ಲಿ ಸಿಇಟಿ ಮುಗಿಯುವ ತನಕ ಮಗಳು ಕದಲುವಂತಿಲ್ಲ. ಉಳಿದದ್ದು ಮೇ ತಿಂಗಳು. ಈ ಒಂದು ಲೆಕ್ಕಕ್ಕೆ ನೀವು ಹೇಳಿದ ಮೂರರಲ್ಲಿ ಎರಡು ಬಿದ್ದುಹೋಗುತ್ತವೆ.

ನಮ್ಮ ಬೇಸಿಗೆಯೇ ಬೇರೆ, ಬೆಟ್ಟದ ಬೇಸಿಗೆಯೇ ಬೇರೆ. ಚಿಕ್ಕಬಳ್ಳಾಪುರದ ನನ್ನ ಮನೆ ಚಾವಡಿಗೆ ಪ್ರತಿ ವರ್ಷ ಫೆಬ್ರವರಿಯಲ್ಲಿ ಹತ್ತಾರು ಮಂದಿ ಬರುತ್ತಾರೆ, ಎಲ್ಲರ ಮೊಬೈಲಿನಲ್ಲೂ ಅದೇ ಫೋಟೊ: ಹಸಿರು ಹುಲ್ಲು, ನೀಲಿ ನೀರು, ಹಿಂದೆ ಬಿಳಿ ಶಿಖರ. "ಸಾರ್, ಮೇ ತಿಂಗಳಲ್ಲಿ ಇಲ್ಲಿಗೆ ಹೋಗಬೇಕು." ಆ ಫೋಟೊ ತೆಗೆದದ್ದು ಜುಲೈ ಕೊನೆಗೋ ಆಗಸ್ಟಿಗೋ. ಶ್ರೀನಿವಾಸಪುರದ ಮಂಡಿಗೆ ಮೊದಲ ಮಾವು ಬರುವ ಹೊತ್ತಿನಲ್ಲಿ ಅದೇ ಜಾಗದಲ್ಲಿ ನಿಂತರೆ ಮಂಡಿಯುದ್ದ ಹಿಮ, ಇಲ್ಲವೇ ಹಿಮ ಈಗಷ್ಟೇ ಕರಗಿ ಬಿಟ್ಟುಹೋದ ಕಂದು ಬಣ್ಣದ ಒಣಹುಲ್ಲು.

ಮೊದಲು ಕಾಶ್ಮೀರ. ನಿಮ್ಮ ಮನಸ್ಸಿನಲ್ಲಿರುವುದು ಸೋನಾಮಾರ್ಗದಿಂದ ಹೊರಟು ನಾರಾನಾಗ್‌ನಲ್ಲಿ ಇಳಿಯುವ ಏಳು ದಿನದ ದಾರಿ ಅಂದುಕೊಳ್ಳುತ್ತೇನೆ. ಸುಮಾರು 70 ಕಿಲೋಮೀಟರ್, ನಡುವೆ 4,000 ಮೀಟರ್ ದಾಟಿದ ಕಣಿವೆ ದಾರಿಗಳು. ಅದು ತೆರೆಯುವುದೇ ಜುಲೈಗೆ. ಮೇ ತಿಂಗಳಲ್ಲಿ ಕಾಶ್ಮೀರಕ್ಕೆ ಹೋಗಬಾರದು ಅಂತಲ್ಲ. ಹೋದರೆ ಅದು ಪ್ರವಾಸ, ಚಾರಣ ಅಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಅಲ್ಲಿ ಹಲವು ತಾಣಗಳನ್ನು ಕೆಲಕಾಲ ಮುಚ್ಚಿದ್ದರು. ಮುಂದೆ ಯಾವಾಗಲಾದರೂ ಹೋಗುವುದಾದರೆ ಆಯಾ ತಿಂಗಳ ಅನುಮತಿ ಏನಿದೆ ನೋಡಿಕೊಂಡೇ ವಿಮಾನದ ಟಿಕೆಟ್ ಮಾಡಿ. ಇನ್ನೊಂದು ಸಣ್ಣ ವಿಷಯ, ಎಷ್ಟೋ ಜನ ಅಲ್ಲಿ ಇಳಿದ ಮೇಲೆ ತಲೆ ಚಚ್ಚಿಕೊಳ್ಳುವುದು ಇದಕ್ಕೇ: ನಮ್ಮೂರಿನ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲೂ ಲಡಾಖ್‌ನಲ್ಲೂ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಆಲ್ಪ್ಸ್ ವಿಷಯದಲ್ಲಿ ಸ್ವಲ್ಪ ನಿಧಾನಕ್ಕೆ ಮಾತಾಡಬೇಕು. ಯಾಕೆಂದರೆ ನಿಮ್ಮ ಮನೆಯವರ ಮೊಣಕಾಲಿಗೂ ನಿಮ್ಮ ಬಿಪಿಗೂ ನಿಜವಾಗಿ ಹೊಂದುವ ಪರ್ವತ ಅದೇ. ನಿಮ್ಮ ಮಗಳು ಗೊತ್ತಿದ್ದು ಹೇಳಿದಳೋ ಗೊತ್ತಿಲ್ಲದೆ ಹೇಳಿದಳೋ, ಸರಿಯಾಗಿಯೇ ಹೇಳಿದ್ದಾಳೆ. ತಪ್ಪಿದ್ದು ತಿಂಗಳು ಮಾತ್ರ.

ಮೇಲೆ ಹೋದಂತೆ ಪ್ರತಿ 1,000 ಮೀಟರ್‌ಗೆ ಸುಮಾರು ಆರೂವರೆ ಡಿಗ್ರಿಯಂತೆ ಚಳಿ ಏರುತ್ತದೆ. ಒಂದು ಎತ್ತರ ದಾಟಿದ ಮೇಲೆ ಮರ ಬೆಳೆಯುವುದಿಲ್ಲ, ಬರೀ ಹುಲ್ಲು, ಹೂವು. ನಿಮಗೆ ಬೇಕಾದದ್ದು ಆ ಪಟ್ಟಿ. ಉತ್ತರಾಖಂಡ ಇರುವುದು ಸುಮಾರು 30 ಡಿಗ್ರಿ ಅಕ್ಷಾಂಶದಲ್ಲಿ, ಅಲ್ಲಿ ಮರಗಳು 3,300–3,500 ಮೀಟರ್‌ವರೆಗೂ ಏರುತ್ತವೆ. ಹುಲ್ಲುಗಾವಲು ಸಿಗಬೇಕಾದರೆ ಅದರ ಮೇಲೆ ಹೋಗಬೇಕು. ಆಲ್ಪ್ಸ್ ಇರುವುದು 46 ಡಿಗ್ರಿಯಲ್ಲಿ, ಧ್ರುವದ ಕಡೆಗೆ ಅಷ್ಟು ಹತ್ತಿರ. ಅಲ್ಲಿ 2,000 ಮೀಟರ್ ಆಸುಪಾಸಿನಲ್ಲೇ ಮರ ಮುಗಿದು ಹುಲ್ಲು ಶುರು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಶ್ವಾಸಕೋಶಕ್ಕೆ ಒಂದೇ ಅಲ್ಲ. 2,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ನೂರಕ್ಕೆ ಎಂಬತ್ತು. 3,500 ಮೀಟರ್‌ನಲ್ಲಿ ನೂರಕ್ಕೆ ಅರವತ್ತೈದು. ತೆಳು ಗಾಳಿಗೆ ತಲೆನೋವು, ವಾಂತಿ ಬರುವ ಎತ್ತರದ ಕಾಯಿಲೆ ಸಾಮಾನ್ಯವಾಗಿ ತಲೆಹಾಕುವುದು 2,500 ಮೀಟರ್ ದಾಟಿದ ಮೇಲೆ. ಅಂದರೆ ಅದೇ ಹೂವು, ಅದೇ ಹುಲ್ಲು, ಅದೇ ಹಿಮಶಿಖರದ ನೋಟವನ್ನು ಆಲ್ಪ್ಸ್‌ನಲ್ಲಿ ಆ ಗೆರೆಯ ಕೆಳಗೇ ನಿಂತು ನೋಡಬಹುದು.

ಇಳಿಜಾರಿಗೂ ಅಲ್ಲಿ ಉಪಾಯ ಇದೆ. ಸ್ವಿಟ್ಜರ್ಲೆಂಡಿನ ಗ್ರಿಂಡೆಲ್‌ವಾಲ್ಡ್ ಆಗಲಿ, ಇಟಲಿಯ ಡೊಲೊಮೈಟ್ಸ್‌ನ ವಾಲ್ ಗಾರ್ಡೆನಾ ಕಣಿವೆ ಆಗಲಿ, ಬೆಳಿಗ್ಗೆ ಕೇಬಲ್ ಕಾರ್‌ನಲ್ಲಿ ಮೇಲೆ ಹೋಗಿ ದಿನವಿಡೀ ಅಡ್ಡಕ್ಕೆ ನಡೆದು ಸಂಜೆ ಇನ್ನೊಂದು ಕೇಬಲ್ ಕಾರ್‌ನಲ್ಲಿ ಇಳಿಯಬಹುದು. ಮೊಣಕಾಲು ನೋವಿನವರಿಗೆ ಇದಕ್ಕಿಂತ ಇನ್ನೇನು ಬೇಕು? ಗೈಡ್ ಬೇಡ, ಹೇಸರಗತ್ತೆ ಬೇಡ. ಸ್ವಿಟ್ಜರ್ಲೆಂಡಿನಲ್ಲಿ ಸುಮಾರು 65,000 ಕಿಲೋಮೀಟರ್ ಕಾಲುದಾರಿಗೆ ಹಳದಿ ಫಲಕ ನೆಟ್ಟಿದ್ದಾರೆ. ಅದರಲ್ಲಿ ದೂರ ಬರೆದಿರುವುದಿಲ್ಲ, ನಡೆಯಲು ಹಿಡಿಯುವ ಗಂಟೆ ಬರೆದಿರುತ್ತಾರೆ. ಬರೀ ಹಳದಿ ಗುರುತಾದರೆ ಯಾರು ಬೇಕಾದರೂ ನಡೆಯಬಹುದು. ಬಿಳಿ-ಕೆಂಪು-ಬಿಳಿ ಪಟ್ಟಿ ಇದ್ದರೆ ಬೆಟ್ಟದ ದಾರಿ, ಕಾಲು ಗಟ್ಟಿ ಇರಬೇಕು. ಬಿಳಿ-ನೀಲಿ-ಬಿಳಿ ಕಂಡರೆ ನೀವು ಸುಮ್ಮನೆ ವಾಪಸ್ ಬನ್ನಿ.

ಹಾಗಾದರೆ ಮೇ ತಿಂಗಳಲ್ಲಿ ಯಾಕಾಗದು? ಬೆಟ್ಟದ ಮೇಲಿನ ತಂಗುಮನೆಗಳು ಬಾಗಿಲು ತೆರೆಯುವುದು ಜೂನ್ ಮಧ್ಯಕ್ಕೆ, ಮುಚ್ಚುವುದು ಸೆಪ್ಟೆಂಬರ್ ಎರಡು ಮೂರನೇ ವಾರಕ್ಕೆ. ಮೇ ತಿಂಗಳಲ್ಲಿ ಹಿಮದಾಟದ ಋತು ಮುಗಿದಿರುತ್ತದೆ, ನಡಿಗೆಯ ಋತು ಶುರುವಾಗಿರುವುದಿಲ್ಲ. ಎಷ್ಟೋ ಕೇಬಲ್ ಕಾರ್‌ಗಳು ರಿಪೇರಿಗೆಂದು ನಿಂತಿರುತ್ತವೆ. ನಮ್ಮಲ್ಲಿ ಪ್ಯಾಕೇಜ್ ಮಾರುವವರು ಮೇ ತಿಂಗಳಲ್ಲಿ ಯುಂಗ್‌ಫ್ರೌಯೋಕ್ ತೋರಿಸುತ್ತಾರಲ್ಲ, ಅದು 3,454 ಮೀಟರ್‌ವರೆಗೆ ರೈಲಿನಲ್ಲಿ ಕೂತು ಹೋಗಿ ಹಿಮದಲ್ಲಿ ಫೋಟೊ ಹೊಡೆಸಿಕೊಂಡು ಬರುವುದು. ನೀವು ಕೇಳಿದ್ದು ಅದಲ್ಲ. ದಸರಾ ರಜೆ ಇದೆಯಲ್ಲ ಅನ್ನಬೇಡಿ. ಅಷ್ಟೊತ್ತಿಗೆ ಆ ಮನೆಗಳು ಬೀಗ ಹಾಕಿರುತ್ತವೆ.

ಆದ್ದರಿಂದ ಆಲ್ಪ್ಸ್ ಅನ್ನು ಕೈಬಿಡಬೇಡಿ, ಮುಂದಕ್ಕೆ ಹಾಕಿ. ನಿಮ್ಮ ಮನೆಯವರು ಗಳಿಕೆ ರಜೆ ಕೂಡಿಸಿಟ್ಟು ಜುಲೈನಲ್ಲಿ ಹನ್ನೆರಡು ದಿನ ತೆಗೆಯುವಂಥ ಒಂದು ವರ್ಷ ಬರಲಿ. ಆಗಲೂ ಮಾಂಟ್ ಬ್ಲಾಂಕ್ ಶಿಖರವನ್ನು ಸುತ್ತಿಬರುವ ಚಾರಣದ ಆಸೆಗೆ ಬೀಳಬೇಡಿ. ಮೂರು ದೇಶ, ಸುಮಾರು 170 ಕಿಲೋಮೀಟರ್, ಒಟ್ಟು ಏರು ಸುಮಾರು 10,000 ಮೀಟರ್, ಹತ್ತು ಹನ್ನೊಂದು ದಿನ. ಅಂದರೆ ನಂದಿ ಬೆಟ್ಟವನ್ನು ಬುಡದಿಂದ ತುದಿಗೆ ದಿನಕ್ಕೆ ಹೆಚ್ಚುಕಡಿಮೆ ಎರಡು ಸಲ ಹತ್ತಿ ಎರಡು ಸಲ ಇಳಿದಂತೆ, ಹತ್ತು ದಿನ ಬಿಡದೆ. ಮಗಳು ಮಾಡಿಯಾಳು. ನೀವಿಬ್ಬರು ಡೊಲೊಮೈಟ್ಸ್‌ನಲ್ಲಿ ಒಂದೇ ಊರಿನಲ್ಲಿ ಮನೆ ಹಿಡಿದು ದಿನಾ ಒಂದೊಂದು ಕಡೆ ನಡೆಯಿರಿ. ಸೈಸರ್ ಆಲ್ಮ್ ಅನ್ನುವ ಹುಲ್ಲುಗಾವಲು ಅಲ್ಲೇ ಇದೆ, ಯುರೋಪಿನಲ್ಲಿ ಅಷ್ಟು ಎತ್ತರದಲ್ಲಿ ಅಷ್ಟು ದೊಡ್ಡದು ಇನ್ನೊಂದಿಲ್ಲ. ತ್ರೆ ಚೀಮೆ ಕಲ್ಲುಗೋಪುರಗಳ ಸುತ್ತಿನ ದಾರಿ ಹತ್ತು ಕಿಲೋಮೀಟರ್, 2,300 ಮೀಟರ್‌ನವರೆಗೆ ಬಸ್ಸೇ ಹೋಗುತ್ತದೆ. ಮಧುಗಿರಿಯ ಏಕಶಿಲೆ ನೋಡಿ ಬೆಳೆದವರಿಗೆ ಆ ಕಲ್ಲುಗಳ ಮುಂದೆ ನಿಂತರೆ ಏನೋ ನೆಂಟಸ್ತನ ಅನಿಸುತ್ತದೆ. ಆದರೆ ನಮ್ಮದು ಬೋಳು ಗ್ರಾನೈಟ್, ಮೈಯೆಲ್ಲ ನುಣುಪು. ಅದು ಸಮುದ್ರದಡಿ ಹುಟ್ಟಿದ ಸುಣ್ಣದ ಜಾತಿಯ ಕಲ್ಲು, ಗರಗಸದ ಹಲ್ಲಿನ ಹಾಗೆ ಒಡೆದುಕೊಂಡಿರುತ್ತದೆ.

ಒಂದು ರಾತ್ರಿಯಾದರೂ ಅಲ್ಲಿನ ಬೆಟ್ಟದ ತಂಗುಮನೆಯಲ್ಲಿ ಮಲಗಿ. ಬಾಗಿಲಲ್ಲೇ ಶೂ ಬಿಚ್ಚಿಸುತ್ತಾರೆ, ನಮ್ಮ ಮನೆಗಳ ಹಾಗೇ. ಒಳಗೆ ಓಡಾಡಲು ಅವರದೇ ಚಪ್ಪಲಿ. ಹತ್ತು ಹದಿನೈದು ಜನ ಒಂದೇ ಕೋಣೆಯಲ್ಲಿ ಅಟ್ಟದ ಮೇಲೆ ಸಾಲಾಗಿ ಮಲಗುವುದು. ಕಂಬಳಿ ಅವರು ಕೊಡುತ್ತಾರೆ, ಒಳಗೆ ತೂರಿಕೊಳ್ಳುವ ತೆಳು ಬಟ್ಟೆಚೀಲ ನಾವು ಒಯ್ಯಬೇಕು. ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಾರೆ, ಆದರೆ ಜುಲೈನಲ್ಲಿ ಒಂಬತ್ತೂವರೆಗೂ ಹೊರಗೆ ಬೆಳಕಿರುತ್ತದೆ, ನಿದ್ದೆ ಬರುವುದಿಲ್ಲ. ಮೊದಲೇ ತಿಳಿಸಿದರೆ ಸಸ್ಯಾಹಾರ ಮಾಡಿಕೊಡುತ್ತಾರೆ, ಆದರೆ ಮೂರನೇ ದಿನಕ್ಕೆ ಚೀಸ್ ಕಂಡರೆ ಓಡಿಹೋಗುವ ಹಾಗಾಗುತ್ತದೆ. ಚಟ್ನಿಪುಡಿ ಜೇಬಿನಲ್ಲಿರಲಿ. ಖರ್ಚಿನ ಮಾತು ಎತ್ತಿದಿರಲ್ಲ: ಊಟ, ಹಾಸಿಗೆ, ತಿಂಡಿ ಸೇರಿ ಒಬ್ಬರಿಗೆ ಒಂದು ರಾತ್ರಿಗೆ ಸುಮಾರು 60ರಿಂದ 90 ಯೂರೋ. ಮೂವರ ಪ್ರವಾಸ ಆರೇಳು ಲಕ್ಷದ ಕೆಳಗೆ ಇಳಿಯುವುದು ಕಷ್ಟ. ಶೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ. ಹೊರಡುವ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಹೆಲಿಕಾಪ್ಟರ್‌ನಲ್ಲಿ ಎತ್ತಿ ತರುವ ಖರ್ಚನ್ನು ಆ ವಿಮೆ ಕೊಡುತ್ತದೆಯೇ ಎಂದು ಸಣ್ಣ ಅಕ್ಷರ ಓದಿಸಿ ನೋಡಿ.

ಈಗ ಈ ವರ್ಷದ ಮೇ ತಿಂಗಳಿಗೆ ಬರೋಣ. ನಿಮ್ಮ ಮನೆಯವರ ಮಾತೇ ನಡೆಯಲಿ, ಉತ್ತರಾಖಂಡ. ಅಲ್ಲೂ ನೂರು ಹೆಸರಿವೆ. ನಾನು ಆರಿಸುವುದು ಉತ್ತರಕಾಶಿ ಕಡೆಯ ದಯಾರಾ ಬುಗ್ಯಾಲ್. ಬುಗ್ಯಾಲ್ ಅಂದರೆ ಆ ಭಾಷೆಯಲ್ಲಿ ಮರದ ಗೆರೆಯ ಮೇಲಿನ ಹುಲ್ಲುಗಾವಲು. ರೈಥಲ್ ಅಥವಾ ಬಾರ್ಸು ಹಳ್ಳಿಯಿಂದ ಹತ್ತುವುದು. ಓಕ್ ಮರಗಳ ಕಾಡು, ನಡುನಡುವೆ ಕೆಂಪಗೆ ಬಿಟ್ಟ ಬುರಾಂಶ್ ಹೂವು, ಮೇಲೆ ಹೋದರೆ ಕಣ್ಣು ಹಾಯುವಷ್ಟು ದೂರ ಉರುಟು ಗುಡ್ಡದ ಬಯಲು, ಎದುರಿಗೆ 6,316 ಮೀಟರ್‌ನ ಬಂದರ್‌ಪೂಂಛ್. ಮೇ ತಿಂಗಳಲ್ಲಿ ನೆರಳಿನ ಕಡೆ ಹಿಮದ ತೇಪೆಗಳು ಉಳಿದಿರುತ್ತವೆ, ಮಗಳಿಗೆ ಆಡಲು ಸಾಕು. ಹುಲ್ಲು ಮಾತ್ರ ಫೋಟೊದ ಹಸಿರಲ್ಲ, ಆಗತಾನೆ ಚಿಗುರುತ್ತಿರುತ್ತದೆ. ನಿಜವಾದ ಹಸಿರು ಬರುವುದು ಆಗಸ್ಟಿಗೆ. ಆಗ ರೈಥಲ್‌ನವರು ಮೇಲೆ ದನ ಮೇಯಿಸಿದ ಋತುವಿನ ಕೊನೆಗೆ ಒಬ್ಬರಿಗೊಬ್ಬರು ಬೆಣ್ಣೆ ಮಜ್ಜಿಗೆ ಎರಚಿಕೊಂಡು ಹಬ್ಬ ಮಾಡುತ್ತಾರೆ.

ಇದನ್ನೇ ಯಾಕೆ ಹೇಳುತ್ತೇನೆ ಅಂದರೆ, ದಯಾರಾದಲ್ಲಿ ನೋಡುವುದು ಎತ್ತರದಲ್ಲಿ, ಮಲಗುವುದು ತಗ್ಗಿನಲ್ಲಿ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳ ಮೇಲೆ ರಾತ್ರಿ ತಂಗುವುದನ್ನು ನಿಷೇಧಿಸಿತು. ಹುಲ್ಲುಗಾವಲು ಉಳಿಸಲು ಮಾಡಿದ ಆದೇಶ, ನಿಮ್ಮಂಥವರಿಗೆ ಆರೋಗ್ಯಕ್ಕೂ ಒಳ್ಳೆಯದಾಯಿತು. ಟೆಂಟು ಕೆಳಗೆ ಮರಗಳ ನಡುವೆ, ಸುಮಾರು 3,000 ಮೀಟರ್ ಆಸುಪಾಸು. ಬೆಳಿಗ್ಗೆ ಎದ್ದು ಮೇಲೆ ಹತ್ತಿ 3,500 ದಾಟಿ ನೋಡಿ ಮಧ್ಯಾಹ್ನಕ್ಕೆ ಇಳಿದುಬಿಡುವುದು. ಎತ್ತರದ ಕಾಯಿಲೆಗೆ ಹಗಲು ಎಲ್ಲಿ ಹತ್ತಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಂದು ಸಲ ಏರದೆ ಸುಮ್ಮನಿರಬೇಕು.

ಈ ನಿಯಮ ಓದಿ ಕಲಿತವನಲ್ಲ ನಾನು. ಬಹಳ ವರ್ಷದ ಹಿಂದೆ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕದ ಯಜಮಾನರೊಬ್ಬರು ನನ್ನ ತಂಡದಲ್ಲಿದ್ದರು. ಗೂಡಿನ ಮೂಟೆ ಹೆಗಲ ಮೇಲೆ ಹೊತ್ತು ಬೆಳೆದ ಆಳು, ಸ್ಕಂದಗಿರಿಯನ್ನು ಒಂದು ಗಂಟೆಯಲ್ಲಿ ಹತ್ತುತ್ತಿದ್ದರು. ಮನಾಲಿಗೆ ಬಂದ ಮಾರನೇ ದಿನವೇ ಭೃಗು ಸರೋವರದ ದಾರಿ ಹಿಡಿಸಿದೆ. 2,000 ಮೀಟರ್‌ನಿಂದ ಒಂದೇ ದಿನದಲ್ಲಿ 3,500 ದಾಟಿ ಟೆಂಟು. ಸಂಜೆ ಅವರಿಗೆ ತಲೆನೋವು, ಊಟ ಬೇಡ ಅಂದರು. ರಾತ್ರಿ ವಾಂತಿ. ಟಾರ್ಚ್ ಹಿಡಿದು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೆಟ್ಟಗೆ ಹತ್ತು ಹೆಜ್ಜೆ ಹಾಕಿ ಅಂದೆ. ಮೂರನೇ ಹೆಜ್ಜೆಗೆ ಕುಡಿದವರ ಹಾಗೆ ಪಕ್ಕಕ್ಕೆ ವಾಲಿದರು. ಮಿದುಳಿಗೆ ನೀರು ತುಂಬುತ್ತಿರುವ ಗುರುತು ಅದು. ಬೆಳಗಾಗಲಿ ಅಂತ ಕಾಯಲಿಲ್ಲ, ಇಬ್ಬರು ಹುಡುಗರು ಎರಡೂ ಕಡೆ ತೋಳು ಹಿಡಿದು ಇಳಿಸಿದರು. ಮನಾಲಿ ತಲುಪುವ ಹೊತ್ತಿಗೆ ಅವರೇ ಟೀ ಕೇಳಿದರು. ತಪ್ಪು ಪೂರ್ತಿ ನನ್ನದು, ಅವರ ಮೈಕಟ್ಟು ನೋಡಿ ಮೋಸಹೋಗಿದ್ದೆ. ಎತ್ತರ ಯಾರ ಮೈಕಟ್ಟನ್ನೂ ಕೇಳುವುದಿಲ್ಲ. ಗಟ್ಟಿಗರೇ ಬೇಗ ಬೇಗ ಹತ್ತಿ ಬೇಗ ಬೀಳುತ್ತಾರೆ.

ಹಾಗೆಂದು ಮನಾಲಿ ಕಡೆ ಕೆಟ್ಟದ್ದಲ್ಲ. ಮಗಳು ಗೆಳತಿಯರ ಜೊತೆ ಇನ್ನೊಮ್ಮೆ ಹೋಗುವುದಾದರೆ ಯೂತ್ ಹಾಸ್ಟೆಲ್ಸ್ ಸಂಸ್ಥೆಯವರು ಮೇ ತಿಂಗಳಲ್ಲಿ ಕಸೋಲ್‌ನಿಂದ ಸರ್ ಪಾಸ್‌ಗೆ ಕರೆದೊಯ್ಯುತ್ತಾರೆ. ಕಡಿಮೆ ಖರ್ಚು, ಹಿಮದ ಜಾರುಬಂಡಿ, ನಮ್ಮ ಕನ್ನಡದ ಹುಡುಗ ಹುಡುಗಿಯರೇ ಅರ್ಧ ಶಿಬಿರ. ನಿಮಗಿಬ್ಬರಿಗೆ ಬೇಡ, 4,200 ಮೀಟರ್ ಆಗುತ್ತದೆ. ಹಂಪ್ತಾ ಪಾಸ್ ಜೂನ್ ಕೊನೆಯ ನಂತರದ ಮಾತು. ಲಡಾಖ್‌ಗೆ ಮಳೆಯ ಕಾಟ ಕಡಿಮೆ, ಜುಲೈ ಆಗಸ್ಟಿನಲ್ಲೂ ನಡೆಯಬಹುದು, ಆದರೆ ಲೇಹ್ ಊರೇ 3,500 ಮೀಟರ್‌ನಲ್ಲಿದೆ, ವಿಮಾನ ಇಳಿದ ತಕ್ಷಣ ಎರಡು ದಿನ ಹಾಸಿಗೆ. ಹುಲ್ಲುಗಾವಲೂ ಅಲ್ಲ ಅದು, ಪಾವಗಡದ ಬಯಲನ್ನು ಆಕಾಶಕ್ಕೆ ಎತ್ತಿಟ್ಟ ಹಾಗೆ. ನೇಪಾಳದ ಅನ್ನಪೂರ್ಣ ದಾರಿ ಚಂದ, ವೀಸಾವೂ ಬೇಡ. ಆದರೆ ದಾರಿಯುದ್ದಕ್ಕೂ ಕಲ್ಲುಮೆಟ್ಟಿಲು, ಹತ್ತಿ ಇಳಿದು ಮತ್ತೆ ಹತ್ತಿ. ನಿಮ್ಮ ಮನೆಯವರ ಎಡ ಮೊಣಕಾಲು ನನ್ನನ್ನು ಬೈದೀತು.

ದಯಾರಾಕ್ಕೆ ಒಂದು ಬದಲಿ ಹೇಳುತ್ತೇನೆ. ಟೆಂಟಿನಲ್ಲಿ ಮಲಗುವುದೇ ಆಗದು ಅಂತ ಮನೆಯವರು ಹಟ ಹಿಡಿದರೆ ಪಶ್ಚಿಮ ಬಂಗಾಳದ ಸಂದಕ್‌ಫೂ, 3,636 ಮೀಟರ್. ನೇಪಾಳದ ಗಡಿಗುಂಟ ಏಣಿನ ಮೇಲೆ ನಡೆಯುವುದು, ರಾತ್ರಿ ಲಾಡ್ಜ್‌ಗಳಲ್ಲಿ ಮಲಗುವುದು. ಬೆಳಗಿನ ಜಾವ ಆಕಾಶ ತೆರೆದರೆ ಕಾಂಚನಜುಂಗಾ ಒಂದು ಕಡೆ, ದೂರದಲ್ಲಿ ಎವರೆಸ್ಟ್. ಮಾನೇಭಂಜಾಂಗ್‌ನಿಂದ ಅಲ್ಲಿಯವರೆಗೆ ಜೀಪು ಹೋಗುತ್ತದೆ, ಅದರಲ್ಲಿ ಇನ್ನೂ ಓಡುತ್ತಿರುವ ಹಳೇ ಲ್ಯಾಂಡ್ ರೋವರ್‌ಗಳನ್ನು ನೋಡುವುದಕ್ಕೇ ಹೋಗಬಹುದು. ಮೊಣಕಾಲು ಕೈಕೊಟ್ಟರೆ ಜೀಪು ಹತ್ತಿ ಇಳಿದುಬಿಡಬಹುದು. ಹಾಗಿದ್ದೂ ಯಾಕೆ ಎರಡನೇ ಸ್ಥಾನ ಅಂದರೆ, ಅಲ್ಲಿ ಮಲಗುವುದೂ ತುದಿಯಲ್ಲೇ, ಮೇ ತಿಂಗಳಿನಲ್ಲಿ ಮೋಡ ಹೆಚ್ಚು. ಏಪ್ರಿಲ್ ಆಗಿದ್ದರೆ ನಾನೇ ಅಲ್ಲಿಗೆ ದೂಡುತ್ತಿದ್ದೆ.

ದಾರಿಯ ಲೆಕ್ಕ ಹೀಗಿಡಿ. ದೇವನಹಳ್ಳಿಯಿಂದ ಡೆಹ್ರಾಡೂನ್‌ಗೆ ವಿಮಾನ. ಮೇ ತಿಂಗಳೆಂದರೆ ಚಾರ್‌ಧಾಮ ಯಾತ್ರೆ ತುಂಬಿರುತ್ತದೆ, ಋಷಿಕೇಶದ ದಾರಿಯಲ್ಲಿ ಗಾಡಿ ಸಿಕ್ಕಿಕೊಂಡರೆ ಅರ್ಧ ದಿನ ಹೋಯಿತು. ಡ್ರೈವರ್‌ಗೆ ಮಸ್ಸೂರಿ, ಸುವಾಖೋಲಿ, ಚಿನ್ಯಾಲಿಸೌಡ್ ಮೇಲೆ ಉತ್ತರಕಾಶಿಗೆ ಹೋಗು ಎನ್ನಿ. ಆ ದಾರಿ ತಿರುವೋ ತಿರುವು, ವಾಂತಿ ಮಾತ್ರೆ ಮೊದಲೇ ನುಂಗಿ. ರೈಥಲ್‌ನಲ್ಲಿ ಒಂದಲ್ಲ, ಎರಡು ರಾತ್ರಿ ಇರಿ. ಪ್ಯಾಕೇಜ್‌ನವರು ಒಂದೇ ರಾತ್ರಿ ಕೊಡುತ್ತಾರೆ, ಇನ್ನೊಂದನ್ನು ನೀವೇ ದುಡ್ಡು ಕೊಟ್ಟು ಸೇರಿಸಿಕೊಳ್ಳಿ. ಬೆಟ್ಟದಲ್ಲಿ ಖರ್ಚು ಮಾಡುವ ದುಡ್ಡಿನಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕಲ್ಲು-ಮರದ ಹಳೇ ಮನೆಗಳ ಹಳ್ಳಿ, ಹೊತ್ತು ಹೋಗದಿರುವ ಮಾತೇ ಇಲ್ಲ. ಆಮೇಲೆ ಮೂರು ರಾತ್ರಿ ಬೆಟ್ಟದಲ್ಲಿ, ಟೆಂಟಿನಲ್ಲಿ. ಇಳಿದ ಮೇಲೆ ಉಳಿದ ದಿನಗಳಿಗೆ ತುಂಗನಾಥ ನೋಡುವ ಆಸೆ ಎಲ್ಲರಿಗೂ ಬರುತ್ತದೆ, ಭೂಪಟದಲ್ಲಿ ಹತ್ತಿರ ಕಾಣುತ್ತದೆ. ಬೇರೆ ಕಣಿವೆ ಅದು, ಒಂದು ದಿನ ಪೂರ್ತಿ ಗಾಡಿಯಲ್ಲೇ ಹೋಗುತ್ತದೆ. ಬದಲು ಅದೇ ಕಣಿವೆಯಲ್ಲಿ ಮೇಲಕ್ಕೆ ಹರ್ಸಿಲ್‌ಗೆ ಹೋಗಿ ಎರಡು ದಿನ ಭಾಗೀರಥಿ ದಂಡೆಯಲ್ಲಿ ಸೇಬಿನ ತೋಟಗಳ ನಡುವೆ ಸುಮ್ಮನೆ ಅಡ್ಡಾಡಿ. ಗಂಗೋತ್ರಿಗೂ ಹೋಗುವುದಾದರೆ ಯಾತ್ರೆಯ ನೋಂದಣಿ ಮೊದಲೇ ಮಾಡಿಸಿಕೊಂಡಿರಿ. ಚಾರಣದವರಿಗೆ ಒಬ್ಬರಿಗೆ ಹತ್ತರಿಂದ ಹದಿನೈದು ಸಾವಿರ, ಅದರ ಮೇಲೆ ವಿಮಾನ, ಗಾಡಿ. ಆಲ್ಪ್ಸ್‌ನ ದುಡ್ಡಿನ ಕಾಲುಭಾಗವೂ ಆಗದು.

ಯಾರ ಜೊತೆ ಹೋಗುವುದು? ಹೆಸರು ಹೇಳುವುದಿಲ್ಲ, ಕೇಳಬೇಕಾದ್ದು ಹೇಳುತ್ತೇನೆ. 2024ರ ಜೂನ್ ಮೊದಲ ವಾರ ನಮ್ಮ ರಾಜ್ಯದಿಂದಲೇ ಹೋದ ತಂಡವೊಂದು ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ, 4,000 ಮೀಟರ್ ಮೇಲೆ, ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ತೀರಿಕೊಂಡರು. ಅನುಭವ ಇದ್ದವರೇ ಅವರಲ್ಲಿ ಬಹಳ ಮಂದಿ. ದಯಾರಾ ಅಷ್ಟು ಎತ್ತರವೂ ಅಲ್ಲ, ಅಷ್ಟು ದೂರವೂ ಅಲ್ಲ. ಆದರೂ ಮೇ-ಜೂನ್‌ನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಆಲಿಕಲ್ಲು ಬೀಳುವುದು ಅಲ್ಲಿ ದಿನದ ಮಾತು. ಹಾಗಾಗಿ ಫೋನಿನಲ್ಲಿ ಕೇಳಿ: ಎಷ್ಟು ಗಂಟೆಗೆ ಎಲ್ಲಿದ್ದರೂ ವಾಪಸ್ ತಿರುಗುತ್ತೀರಿ? ಗೈಡ್ ಎಲ್ಲಿ ತರಬೇತಿ ಆದವರು? ಉತ್ತರಕಾಶಿಯಲ್ಲೇ 1965ರಿಂದ ನೆಹರು ಪರ್ವತಾರೋಹಣ ಸಂಸ್ಥೆ ಇದೆ, ಅಲ್ಲಿ ಕಲಿತ ಸ್ಥಳೀಯ ಹುಡುಗರು ಬೇಕಾದಷ್ಟಿದ್ದಾರೆ. ಆಮ್ಲಜನಕದ ಸಿಲಿಂಡರ್ ತಂಡದ ಜೊತೆ ಇರುತ್ತದೋ ಕೆಳಗಿನ ಆಫೀಸಿನಲ್ಲಿರುತ್ತದೋ? ಈ ಪ್ರಶ್ನೆಗಳಿಗೆ "ಅದೆಲ್ಲ ಆಗುತ್ತೆ ಸಾರ್" ಅಂದರೆ ಫೋನ್ ಇಡಿ. ಒಳ್ಳೆಯ ಗೈಡ್ ಹೇಗಿರುತ್ತಾನೆ ಅಂದರೆ, ಹಳ್ಳದ ಮೇಲೆ ಹಿಮ ಹೆಪ್ಪುಗಟ್ಟಿ ಸೇತುವೆ ಆಗಿರುತ್ತದಲ್ಲ, ಅದರ ಮೇಲೆ ಕಾಲಿಡುವ ಮುಂಚೆ ಕೋಲಿನಿಂದ ಕುಟ್ಟಿ ಕಿವಿಗೊಡುತ್ತಾನೆ. ನಾವು ಸಂತೆಯಲ್ಲಿ ಕಾಯಿ ಕುಟ್ಟಿ ನೋಡುವುದಿಲ್ಲವೇ, ಹಾಗೆ. ಟೊಳ್ಳು ಸದ್ದು ಬಂದರೆ ಅರ್ಧ ಗಂಟೆ ಸುತ್ತಿ ಬೇರೆ ಕಡೆ ದಾಟಿಸುತ್ತಾನೆ.

ನಿಮ್ಮ ಬಿಪಿ ಬಗ್ಗೆ: ಮಾತ್ರೆ ಒಂದು ದಿನವೂ ಬಿಡಬೇಡಿ, ಹೊರಡುವ ಒಂದು ತಿಂಗಳ ಮುಂಚೆ ನಿಮ್ಮ ಡಾಕ್ಟರಿಗೆ ಎಷ್ಟು ಎತ್ತರ ಅಂತ ಹೇಳಿ ಕೇಳಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆಯನ್ನು ಪಕ್ಕದ ಮನೆಯವರು ಹೇಳಿದರು ಅಂತ ನುಂಗಬೇಡಿ. ಅದು ಮೂತ್ರ ಹೆಚ್ಚಿಸುವ ಮದ್ದು, ಕೆಲವು ಬಿಪಿ ಮಾತ್ರೆಯೂ ಅದೇ ಕೆಲಸ ಮಾಡುತ್ತದೆ, ಸಲ್ಫಾ ಅಲರ್ಜಿ ಇದ್ದವರಿಗೆ ಆಗದಿರಬಹುದು. ಮನೆಯವರಿಗೆ ಎರಡು ಟ್ರೆಕಿಂಗ್ ಕೋಲು ಬೇಕೇ ಬೇಕು, ಒಂದಲ್ಲ, ಎರಡು. ಇಳಿಯುವಾಗ ಕೋಲನ್ನು ನಾಲ್ಕು ಬೆರಳು ಉದ್ದ ಮಾಡಿಕೊಳ್ಳಬೇಕು, ಆಗ ಭಾರ ತೋಳಿಗೆ ಹಂಚಿಹೋಗುತ್ತದೆ. ಮನೆಯಲ್ಲಿ ಒಂದು ಮೆಟ್ಟಿಲ ಮೇಲೆ ನಿಂತು ಒಂದೇ ಕಾಲಿನ ಮೇಲೆ ನಿಧಾನಕ್ಕೆ ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ ಎತ್ತುವ ಅಭ್ಯಾಸ ದಿನಾ ಮಾಡಲಿ. ಅದರಲ್ಲೇ ನೋವು ಬಂದರೆ ಮೂಳೆ ಡಾಕ್ಟರನ್ನು ನೋಡಿ ಆಮೇಲೆ ಟಿಕೆಟ್ ಮಾಡಿ.

ಶೂ. ಮನೆಯ ಅಟ್ಟದಲ್ಲಿ ಹಳೇ ದುಬಾರಿ ಶೂ ಇದೆ, ಎರಡೇ ಸಲ ಹಾಕಿದ್ದು ಅಂತ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಎಷ್ಟೋ ಶೂಗಳ ನಡುವಿನ ಅಟ್ಟೆ ಹಾಕದೆ ಇಟ್ಟರೂ ಗಾಳಿಯ ತೇವಕ್ಕೆ ಒಳಗೊಳಗೇ ಪುಡಿಯಾಗಿರುತ್ತದೆ. ನನ್ನದೊಂದು ಜೊತೆ ಹಾಗೆ ಏಳು ವರ್ಷ ಇಟ್ಟದ್ದು, ಹರ್ ಕೀ ದೂನ್ ದಾರಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬಲಗಾಲಿನದು, ಹನ್ನೊಂದಕ್ಕೆ ಎಡಗಾಲಿನದು, ಬಿಸಿ ಒಬ್ಬಟ್ಟಿನ ಪದರದ ಹಾಗೆ ಬಿಚ್ಚಿಕೊಂಡಿತು. ಟೆಂಟಿನ ಹಗ್ಗ ಕಟ್ಟಿಕೊಂಡು ಮೂರು ದಿನ ನಡೆದೆ. ಹೊಸದು ಕೊಳ್ಳುವುದಾದರೆ ಈಗಲೇ ಕೊಳ್ಳಿ, ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು, ಹೆಬ್ಬೆರಳ ಮುಂದೆ ಒಂದು ಬೆರಳು ಜಾಗ ಬಿಟ್ಟು. ಚನ್ನರಾಯನದುರ್ಗಕ್ಕೆ ಎರಡು ಸಲ ಹಾಕಿಕೊಂಡು ಹೋದರೆ ಅದು ಕಚ್ಚುವ ಜಾಗ ಗೊತ್ತಾಗುತ್ತದೆ.

ಅಭ್ಯಾಸಕ್ಕೆ ಜಿಮ್ ಬೇಡ. ಈ ಭಾನುವಾರದಿಂದಲೇ ಬೆಳಿಗ್ಗೆ ಐದೂವರೆಗೆ, ಬಿಸಿಲೇರುವ ಮುಂಚೆ, ನಾಮದ ಚಿಲುಮೆ ಕಡೆಯಿಂದ ದೇವರಾಯನದುರ್ಗ ಹತ್ತಲು ಶುರುಮಾಡಿ, ಪ್ರತಿ ವಾರ. ಬೆನ್ನಿನ ಚೀಲದಲ್ಲಿ ಆರು ಕಿಲೋ ಭಾರ ಇರಲಿ. ತಿಪಟೂರಿನವರಿಗೆ ತೂಕದ ಕಲ್ಲು ನಾನು ಹೇಳಬೇಕೇ, ಸುಲಿದ ಕಾಯಿ ಹತ್ತು ಹಾಕಿಕೊಂಡರೆ ಆಯಿತು. ಹತ್ತುವಾಗ ಹೊರಿ, ಮೇಲೆ ಯೋಗಾನರಸಿಂಹನ ಗುಡಿಯಲ್ಲಿ ಕೊಟ್ಟುಬಿಡಿ. ನಿಮ್ಮ ಮನೆಯವರು ಖಾಲಿ ಚೀಲದಲ್ಲಿ, ಎರಡೂ ಕೋಲು ಉದ್ದ ಮಾಡಿಕೊಂಡು, ನಿಧಾನಕ್ಕೆ ಇಳಿಯಲಿ.